ಬೆನ್ನ ಹಿಂದಿನ ಎರಡು ಬೆರಳು

ಮಾರ್ಚ್ ೩, ಸೋಮವಾರ

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಕೋಚ್. ಹನ್ನೊಂದು ವರ್ಷದ ಹಿಂದೆ, ಅರ್ಹತಾ ಟೂರ್ನಿಯ ಫೈನಲ್ ಸೋತು ಬಸ್ಸಿನಲ್ಲಿ ವಾಪಸು ಬರುವಾಗ. ಇವತ್ತು ಮಧ್ಯಾಹ್ನ ತರಬೇತಿ ಕೇಂದ್ರದ ಊಟದ ಮನೆಯಲ್ಲಿ ಅದನ್ನೇ ಮತ್ತೆ ಹೇಳಿದರು. ಹೊಸದಾಗಿ ಸೇರಿದ ಹದಿನೆಂಟು ಹುಡುಗಿಯರು ತಟ್ಟೆ ಮುಂದಿಟ್ಟುಕೊಂಡು ಕಿವಿ ನೆಟ್ಟಗೆ ಮಾಡಿ ಕೂತಿದ್ದರು.

"ಬೀಚ್ ವಾಲಿಬಾಲ್ ಅಂದ್ರೆ ಇಬ್ಬರೇ ಆಡೋ ಆಟ, ನೆನಪಿರಲಿ. ನೆಟ್ ಹತ್ತಿರ ಇರೋಳು ಬೆನ್ನ ಹಿಂದೆ ಕೈ ಇಟ್ಕೊಂಡು ಬೆರಳು ತೋರಿಸ್ತಾಳೆ. ಒಂದು ಬೆರಳು ಅಂದ್ರೆ, ಗೆರೆ ಪಕ್ಕದ ನೇರ ಹೊಡೆತ ನಾನು ತಡೀತೀನಿ, ಅಡ್ಡ ಹೊಡೆತ ನೀನು ನೋಡ್ಕೋ ಅಂತ. ಎರಡು ಅಂದ್ರೆ ಉಲ್ಟಾ. ಸರಿ, ಫೈನಲ್ಲು, ಕೊನೇ ಪಾಯಿಂಟು. ನಮ್ಮ ಏಣಿ ತೋರಿಸಿದ್ದು ಒಂದು. ಹಿಂದೆ ನಿಂತಿದ್ದ ಚಿಟಿಕೆಗೆ ಕಂಡಿದ್ದು ಎರಡು! ಇಬ್ಬರೂ ಗೆರೆ ಪಕ್ಕಕ್ಕೇ ಓಡಿದ್ರು. ಬಾಲು ಖಾಲಿ ಮರಳಲ್ಲಿ ಆರಾಮಾಗಿ ಕೂತ್ಕೊಳ್ತು. ಪಾಪ, ಅವಳ ಕಣ್ಣಿಗೆ ಎಲ್ಲಾ ಎರಡೆರಡು ಕಾಣೋದು. ಈ ಕಡೆ ನಾಲ್ಕು ಜನ ಇದ್ದೀವಲ್ಲ, ಇನ್ನಿಬ್ಬರು ನೋಡ್ಕೋತಾರೆ ಅಂತ ನಿಂತುಬಿಟ್ಟಿದ್ಲು!"

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಏಣಿ ಎಂದರೆ ನಾನು. ನಾನೂ ನಕ್ಕೆ.

ಆಪರೇಷನ್ ಆಗಿ ಏಳು ತಿಂಗಳಾದರೂ ಎಡ ಮೊಣಕಾಲು ಮೆಟ್ಟಿಲಿಳಿಯುವಾಗ ಹಿಡಿಯುತ್ತದೆ. ಐದು ವಾರ ಇಲ್ಲೇ ಇದ್ದು ಸರಿಮಾಡಿಕೊಂಡರೆ ಇನ್ನೊಂದು ಋತು ಆಡಬಹುದು, ಏಳನೇ ಸಲ ಚಾಂಪಿಯನ್ ಆಗಬಹುದು. ನಾಳೆಯಿಂದ ದಿನಾ ಮಾಲೀಸು.

ಮಾರ್ಚ್ ೪, ಮಂಗಳವಾರ

ಮಾಲೀಸು ಮಾಡುವವಳು ಚಿಟಿಕೆ.

ಬಾಗಿಲಲ್ಲೇ ನಿಂತುಬಿಟ್ಟೆ. ಗಿಡ್ಡ ದೇಹ, ಮೊಣಕೈವರೆಗೆ ಮಡಿಸಿದ ತೋಳು, ಹೆಗಲ ಮೇಲೊಂದು ಬಿಳಿ ಟವೆಲ್ಲು. ಕೂದಲಲ್ಲಿ ಒಂದು ಬಿಳಿ ಎಳೆ ಬಂದಿದೆ, ಅಷ್ಟೇ.

"ಬಾ ಏಣಿ, ಮಲಗು. ಮಂಚಕ್ಕೆ ಒಂದು ಸ್ಟೂಲು ಜೋಡಿಸಿದ್ದೀನಿ, ಇಲ್ಲಾಂದ್ರೆ ನಿನ್ನ ಪಾದ ಪಕ್ಕದ ಕೋಣೇಲಿರುತ್ತೆ."

"ನೀನು ಇಲ್ಲಿ ಯಾವಾಗಿಂದ?"

"ಎರಡು ವರ್ಷ ಆಯ್ತು. ಕಣ್ಣು ಬೇಡದ ಕೆಲಸ ಹುಡುಕ್ತಾ ಹುಡುಕ್ತಾ ಇಲ್ಲಿಗೆ ಬಂದೆ. ಇದಕ್ಕೆ ಕೈ ಇದ್ರೆ ಸಾಕು."

ಚುಚ್ಚಿ ಹೇಳಿದ್ದಲ್ಲ. ಹವಾಮಾನ ಹೇಳಿದಷ್ಟು ಸಹಜವಾಗಿ ಹೇಳಿದಳು. ಕೈ ಪಳಗಿದೆ. ಮೊಣಕಾಲು ಸ್ವಲ್ಪ ಸಡಿಲವಾಯಿತು.

ಮಾರ್ಚ್ ೭, ಶುಕ್ರವಾರ

ಅವಳು ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡುತ್ತಾಳೆ. ಹೆಬ್ಬೆರಳಿನಿಂದ ಸ್ನಾಯುವಿನ ಗುಂಟ ಹೋಗಿ, ಗಂಟು ಸಿಕ್ಕಲ್ಲಿ ನಿಂತು, ಅದು ಕರಗುವವರೆಗೆ ಕಾಯುತ್ತಾಳೆ.

ಹುಡುಗಿಯರು ಅವಳನ್ನು ಎರಡೆರಡಕ್ಕ ಎನ್ನುತ್ತಾರೆ. ಮುಖದೆದುರೇ. ಇವತ್ತು ಪಕ್ಕದ ಮಂಚದಲ್ಲಿ ಉದ್ದ ಜಡೆಯವಳೊಬ್ಬಳು ಮಲಗಿದ್ದಳು.

"ಎರಡೆರಡಕ್ಕ, ನನಗಿರೋದು ಎರಡೇ ಕಾಲು. ನಾಲ್ಕಕ್ಕೂ ಎಣ್ಣೆ ಹಚ್ಚಿ ಸುಸ್ತಾಗಬೇಡಿ."

"ನಿನ್ನ ನಾಲ್ಕೂ ಕೊಳಕೇ ಕಣೇ. ಮೊದಲು ಮರಳು ಝಾಡಿಸ್ಕೊಂಡು ಬಾ."

ಎಲ್ಲರೂ ನಕ್ಕರು. ಚಿಟಿಕೆಯೇ ಎಲ್ಲರಿಗಿಂತ ಜೋರಾಗಿ. ನಾನು ಗೋಡೆಯ ಮೇಲಿದ್ದ ಸ್ನಾಯುಗಳ ಪಟ ನೋಡುತ್ತ ಮಲಗಿದ್ದೆ. ಅದರಲ್ಲಿ ತೊಡೆಯ ಸ್ನಾಯುಗಳಿಗೆಲ್ಲ ಹೆಸರಿದೆ. ಎಲ್ಲವನ್ನೂ ಓದಿದೆ.

ಮಾರ್ಚ್ ೮, ಶನಿವಾರ

ಮೆಟ್ಟಿಲು ಹತ್ತುವಾಗ ನೋವಿಲ್ಲ. ಇಳಿಯುವಾಗ ಇದೆ.

ಮಾರ್ಚ್ ೧೧, ಮಂಗಳವಾರ

ಅವಳು ಆಟ ಬಿಟ್ಟು ಬೇರೆ ಏನೋ ಮಾಡಿಕೊಂಡು ಸುಖವಾಗಿದ್ದಾಳೆ ಎಂದೇ ಇಷ್ಟು ವರ್ಷ ನಾನು ಅಂದುಕೊಂಡಿದ್ದು. ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಇವತ್ತು ನಾನಾಗಿ ಕೇಳಿದೆ. ದಿನಾ ಕೆಲಸಕ್ಕೆ ಹೇಗೆ ಬರ್ತೀಯ, ಸ್ಕೂಟರಿನಲ್ಲಾ ಎಂದೆ. ಸುಮ್ಮನೆ ಮಾತಿಗೆ.

"ಸ್ಕೂಟರ್ ಆವತ್ತಿನ ಮಾರನೇ ತಿಂಗಳೇ ಮಾರಿಬಿಟ್ಟೆ," ಎಂದಳು ಕಣ್ಣು ಮುಚ್ಚಿಕೊಂಡೇ. "ಎರಡು ಹೆಜ್ಜೆ ಹಿಂದಿಂದ ಬೆರಳು ಎಷ್ಟಿದೆ ಅಂತ ತಿಳಿಯದೋಳು ರಸ್ತೇಲಿ ಗಾಡಿ ಹೊಡೀಬಾರದು. ಯಾರನ್ನಾದ್ರೂ ಕೊಂದುಬಿಡ್ತೀನಿ."

"ಡಾಕ್ಟರಿಗೆ ತೋರಿಸಿದ್ಯಾ?"

"ಮೂರು ಜನಕ್ಕೆ ತೋರಿಸಿದೆ. ಮೂವರೂ ಕಣ್ಣು ಸರಿಯಾಗಿದೆ ಅಂದ್ರು. ಒಬ್ಬರಂತೂ ಹದ್ದಿನ ಕಣ್ಣಮ್ಮ ನಿಂದು ಅಂದ್ರು. ಅವರ ಗೋಡೆ ಮೇಲಿನ ಅಕ್ಷರ ಓದೋದು ಬೇರೆ, ಆಟದಲ್ಲಿ ನೋಡೋದು ಬೇರೆ ಅಲ್ವಾ? ಅವರಿಗೇನು ಗೊತ್ತು."

ಚಿಟಿಕೆಯ ಮಗಳಿಗೆ ಈಗ ಎಂಟು ವರ್ಷ. ಅವಳು ಕೂಸಾಗಿದ್ದಾಗ ಎತ್ತಿಕೊಂಡು ರಸ್ತೆಯಂಚಿನಲ್ಲಿ ನಿಂತು, ಹೋಗಿ ಬರುವವರನ್ನು ಕೇಳುತ್ತಿದ್ದಳಂತೆ, ಗಾಡಿ ಬರ್ತಿದ್ಯಾ ಸ್ವಲ್ಪ ನೋಡಿ ಎಂದು. ಈಗ ಮಗಳೇ ಕೈ ಹಿಡಿದು ದಾಟಿಸುತ್ತಾಳಂತೆ.

"ಅಮ್ಮ, ಈಗ ಬಾ ಅಂತಾಳೆ. ದೊಡ್ಡ ಟ್ರಾಫಿಕ್ ಪೊಲೀಸಮ್ಮ," ಎಂದು ನಕ್ಕಳು.

ಮೊಣಕಾಲಿನ ಬಗ್ಗೆ ಬರೆಯಲು ಏನಿತ್ತೋ ಮರೆತುಹೋಯಿತು.

ಮಾರ್ಚ್ ೧೪, ಶುಕ್ರವಾರ

ಮೊದಲ ದಿನ ಬರೆದದ್ದು ಸರಿಯಲ್ಲ. ಕಥೆಯನ್ನು ಮೊದಲು ಹೇಳಿದವರು ಕೋಚ್ ಅಲ್ಲ, ನಾನು. ಬಸ್ಸಿನಲ್ಲೂ ಅಲ್ಲ. ಅಂಕಣದ ಪಕ್ಕದಲ್ಲೇ, ಪಂದ್ಯ ಮುಗಿದು ಕಾಲು ಗಂಟೆಯೂ ಆಗಿರಲಿಲ್ಲ. ಮೈಮೇಲಿನ ಮರಳು ಒಣಗಿರಲಿಲ್ಲ. ಪತ್ರಿಕೆಯವನೊಬ್ಬ ಬಂದು ಏನಾಯಿತು ಎಂದು ಕೇಳಿದ. ನಾನು ಹೇಳಿದೆ. ಕೋಚ್ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು, ಬಸ್ಸಿನಲ್ಲಿ ಬಾಕಿಯವರಿಗೆ ದಾಟಿಸಿದರು. ನಾಲ್ಕು ಜನ ಕಾಣುವ ತಮಾಷೆಯೂ ಅವರದಲ್ಲ, ನನ್ನದೇ.

ಆದರೆ ಆಗ ನಿಜವಾಗಿ ಒಂದು ಬೆರಳು ತೋರಿಸಿದ್ದೆ ಎಂದೇ ನನ್ನ ನೆನಪು. ಹನ್ನೊಂದು ವರ್ಷದ ಹಿಂದಿನ ಮಾತು. ಯಾರಿಗೆ ಅಷ್ಟು ನೆನಪಿರುತ್ತದೆ.

ಮಾರ್ಚ್ ೧೭, ಸೋಮವಾರ

ನನಗೆ ನೆನಪಿದೆ.

ಮಾರ್ಚ್ ೨೦, ಗುರುವಾರ

ಇದನ್ನು ಓದುವವರು ಯಾರೂ ಇಲ್ಲ. ಬೀಗ ಹಾಕಿದ ಪೆಟ್ಟಿಗೆಯಲ್ಲಿಡುವ ಪುಸ್ತಕಕ್ಕೂ ಸುಳ್ಳು ಹೇಳಿದೆನಲ್ಲ, ಅದೇ ದೊಡ್ಡ ಸೋಜಿಗ. ಸರಿ, ಈಗ ಬರೆಯುತ್ತೇನೆ.

ನಾನು ತೋರಿಸಿದ್ದು ಎರಡು.

ಬೆನ್ನ ಹಿಂದೆ, ಬಲಗೈಯ ತೋರುಬೆರಳು, ಮಧ್ಯದ ಬೆರಳು. ಅಡ್ಡ ಹೊಡೆತ ನಾನು ತಡೆಯುತ್ತೇನೆ, ಗೆರೆ ಪಕ್ಕ ನೀನು ನೋಡಿಕೋ ಎಂದು. ಸರ್ವ್ ಹೋಯಿತು. ಆ ಕಡೆಯವಳು ಹೊಡೆಯಲು ಮೇಲೆ ಹಾರಿದಳು. ಅವಳ ಭುಜ ಗೆರೆಯ ಕಡೆ ತಿರುಗಿದ ಹಾಗೆ ಕಂಡಿತು. ಇದು ನೇರ ಹೊಡೆತ, ಇದನ್ನು ನಾನೊಬ್ಬಳೇ ಗೋಡೆ ಹಾಕಿ ಕೆಳಗೆ ಕೆಡವಿದರೆ ಫೈನಲ್ಲಿನ ಕೊನೆಯ ಚಿತ್ರ ನನ್ನದೇ ಎನ್ನಿಸಿತು. ಕೊಟ್ಟ ಸನ್ನೆ ಮುರಿದು ಗೆರೆಯ ಕಡೆ ಹಾರಿದೆ. ಅವಳು ಅಡ್ಡ ಹೊಡೆದಳು. ಚಿಟಿಕೆ ನನ್ನ ಮಾತಿನ ಹಾಗೆ ಗೆರೆ ಪಕ್ಕ ಬಂದು ನಿಂತಿದ್ದಳು. ಅವಳು ಮಾಡಿದ ತಪ್ಪು ಇಷ್ಟೇ, ನನ್ನ ಬೆರಳನ್ನು ನಂಬಿದ್ದು.

ನಮ್ಮ ಆಟದಲ್ಲಿ ಚೆಂಡು ಕೈ ತಪ್ಪುವುದು ತಪ್ಪಲ್ಲ, ದಿನಾ ತಪ್ಪುತ್ತದೆ. ಸನ್ನೆ ಕೊಟ್ಟು ಮುರಿದರೆ ಮಾತ್ರ ಯಾರೂ ಆಡಲು ಜೊತೆ ಬರುವುದಿಲ್ಲ. ಸನ್ನೆ ಕಾಣುವುದು ಹಿಂದೆ ನಿಂತ ಒಬ್ಬಳಿಗೆ ಮಾತ್ರ. ಹಾಗಾಗಿ ಆ ಒಬ್ಬಳ ಕಣ್ಣನ್ನು ಕೆಡಿಸಿದರೆ ಕೆಲಸ ಮುಗಿಯಿತು.

ಆ ಹೊತ್ತಿಗೆ ಇಷ್ಟೆಲ್ಲ ಯೋಚಿಸಿ ಹೇಳಲಿಲ್ಲ. ಪತ್ರಿಕೆಯವನ ಮುಖ ನೋಡಿದೆ, ಅಷ್ಟೇ. ನನ್ನ ಅಜ್ಜಿ ಊರಿಗೆಲ್ಲ ಕಥೆ ಹೇಳುವವಳು. ಕೇಳುವವರ ಮುಖ ಬಾಡಿತೆಂದರೆ ಸಾಕು, ಕಥೆಯನ್ನು ಅಲ್ಲೇ ತಿರುವಿ ನಗಿಸಿಬಿಡುತ್ತಿದ್ದಳು. ಅವಳ ಮಡಿಲಲ್ಲಿ ಕೂತು ಕಲಿತದ್ದು ನನಗದು. ಸೋತವರ ಮಾತು ಯಾರಿಗೆ ಬೇಕು, ಪತ್ರಿಕೆಯವನು ಪೆನ್ನಿನ ಮುಚ್ಚಳ ಹಾಕುತ್ತಿದ್ದ. ಬಾಯಿಗೆ ಬಂದದ್ದು ಬಂದುಬಿಟ್ಟಿತು. ಅವನು ನಕ್ಕ. ಮುಚ್ಚಳ ತೆಗೆದ. ಅವನು ನಕ್ಕ ಮೇಲೆ ನಾನು ನಿಲ್ಲಿಸಲಿಲ್ಲ.

ಅಜ್ಜಿಯ ಕಥೆಯಲ್ಲಿ ರಾಕ್ಷಸರು ಸಾಯುತ್ತಿದ್ದರು. ಪಕ್ಕದ ಮನೆಯವರಲ್ಲ.

ಮಾರ್ಚ್ ೨೪, ಸೋಮವಾರ

ಇವತ್ತು ಹೇಳಿಬಿಡಬೇಕೆಂದು ಹೋದೆ.

"ಚಿಟಿಕೆ, ಒಂದು ಮಾತು."

"ನೋವಾ?"

"ಹ್ಞೂಂ."

"ಎಲ್ಲಿ?"

"ಇನ್ನೂ ಸ್ವಲ್ಪ ಕೆಳಗೆ."

ಮಾರ್ಚ್ ೨೫, ಮಂಗಳವಾರ

ಹೇಳಲಿಲ್ಲ.

ಮಾರ್ಚ್ ೨೬, ಬುಧವಾರ

ಡಾಕ್ಟರು ಮೊಣಕಾಲು ಮಡಿಸಿ ಬಿಡಿಸಿ ನೋಡಿ, ಇನ್ನು ಹತ್ತು ದಿನಕ್ಕೆ ಮರಳಿಗಿಳಿಯಬಹುದು ಎಂದರು. ನಿಮ್ಮ ಮಾಲೀಸಿನಾಕೆಗೆ ಥ್ಯಾಂಕ್ಸ್ ಹೇಳಿ ಎಂದರು. ಹೇಳಿದೆ. ಅವಳು ಎಣ್ಣೆ ಕೈಯಲ್ಲೇ ನನ್ನ ಕೆನ್ನೆ ತಟ್ಟಿದಳು. "ಏಳನೇ ಕಪ್ಪು ಗೆದ್ರೆ ಈ ಮಂಡಿಗೆ ಒಂದು ಮುತ್ತು ಕೊಡು, ಸಾಕು."

ಕೋಣೆಗೆ ಬಂದು ಕೆನ್ನೆ ತೊಳೆದುಕೊಳ್ಳಲು ಹೋದೆ. ತೊಳೆಯಲಿಲ್ಲ.

ಮಾರ್ಚ್ ೨೯, ಶನಿವಾರ

ಹೇಳಿದೆ. ಬೆಳಿಗ್ಗೆ ಹತ್ತೂವರೆಗೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಎಡಗಾಲು ಮುಗಿಸಿ ಬಲಗಾಲಿಗೆ ಬಂದಿದ್ದಳು. ನಾನು ಬೋರಲು ಮಲಗಿದ್ದೆ. ಅವಳ ಮುಖ ಕಾಣದಿದ್ದದ್ದಕ್ಕೇ ಧೈರ್ಯ ಬಂತೋ ಏನೋ.

"ಚಿಟಿಕೆ, ಆವತ್ತು ನಾನು ತೋರಿಸಿದ್ದು ಎರಡೇ. ನೀನು ಸರಿಯಾಗಿ ನೋಡಿದ್ದೆ."

ಅವಳ ಕೈ ನಿಲ್ಲಲಿಲ್ಲ. "ಯಾವತ್ತು?" ಎಂದಳು.

"ಫೈನಲ್ಲಿನ ದಿನ. ಎರಡು ತೋರಿಸಿ ಗೆರೆ ಕಡೆ ಹಾರಿದೆ. ಆಮೇಲೆ ಒಂದು ತೋರಿಸಿದ್ದೆ ಅಂದೆ."

ಈಗ ನಿಂತಿತು.

ಹೊರಗೆ ಯಾರೋ ಮರಳು ಹರಡುತ್ತಿದ್ದ ಸದ್ದು ಬರುತ್ತಿತ್ತು. ಆಮೇಲೆ ಅವಳ ಕೈ ಮತ್ತೆ ಶುರುವಾಯಿತು. ಮೀನಖಂಡದಿಂದ ಹಿಮ್ಮಡಿಯವರೆಗೆ, ಮೊದಲಿನಷ್ಟೇ ನಿಧಾನ, ಮೊದಲಿನಷ್ಟೇ ಸರಿ. ಒಂದು ಕಾಲು ಅರ್ಧಕ್ಕೆ ಬಿಟ್ಟು ಕಳಿಸುವವಳಲ್ಲ ಅವಳು. ಪೂರ್ತಿ ಮುಗಿಸಿ, ಟವೆಲ್ಲಿನಲ್ಲಿ ಒರೆಸಿ, ತೊಟ್ಟಿಯಲ್ಲಿ ಸೋಪು ಹಚ್ಚಿ ಕೈ ತೊಳೆದಳು. ನಾನು ಎದ್ದು ಕೂತೆ.

"ಮೂರು ಡಾಕ್ಟರು ಕಣೇ," ಎಂದಳು. "ಮೂರು ಜನ ಓದಿದೋರು ನನ್ನ ಕಣ್ಣು ಸರಿಯಿದೆ ಅಂದ್ರು. ಅವರನ್ನ ನಂಬಲಿಲ್ಲ. ನಿನ್ನ ನಂಬಿದೆ."

"ತಪ್ಪಾಯ್ತು."

"ನನ್ನ ಕಣ್ಣಾರೆ ನೋಡಿದ್ದೆ. ಎರಡು ಬೆರಳು. ಈಗಲೂ ಕಣ್ಣು ಮುಚ್ಚಿದ್ರೆ ಕಾಣುತ್ತೆ, ಉಗುರಿನ ಹತ್ತಿರ ಮರಳು ಅಂಟಿತ್ತು. ಅದಕ್ಕೇ ನನಗೆ ಹೆದರಿಕೆ ಆಗಿದ್ದು. ಇಷ್ಟು ಸ್ಪಷ್ಟವಾಗಿ ಕಂಡಿದ್ದೇ ಇಲ್ಲ ಅಂದ್ರೆ ಇನ್ನು ಬೇರೇದು ಯಾವುದು ಇದೆ ಅಂತ. ಮಗಳು ಹುಟ್ಟಿದಾಗ ಒಂದೇ ಮಗುನಾ ಅಂತ ನರ್ಸನ್ನ ಕೇಳಿದ್ದೆ, ಗೊತ್ತಾ? ಎಲ್ಲರೂ ತಮಾಷೆ ಮಾಡ್ತಿದ್ದಾಳೆ ಅಂದ್ಕೊಂಡ್ರು."

ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡಳು.

"ನೀನು ನನಗೆ ಎರಡು ಸಲ ಬೆರಳು ತೋರಿಸಿದೆ ಏಣಿ. ಒಂದು ಸಲ ಬೆನ್ನ ಹಿಂದೆ, ಒಂದು ಸಲ ಊರ ಮುಂದೆ. ಹೋಗು ಈಗ. ಇನ್ನೊಬ್ಬರು ಬರ್ತಾರೆ, ಮಂಚ ಒರೆಸಬೇಕು."

ಮಾರ್ಚ್ ೩೧, ಸೋಮವಾರ

ನನ್ನ ಸರದಿಗೆ ಬೇರೆಯಾಕೆ ಬಂದಳು. ಹೊಸಬಳು. ಹಿಟ್ಟು ನಾದಿದ ಹಾಗೆ ನಾದಿದಳು. ಮೊಣಕಾಲು ಊದಿದೆ. ಊದಲಿ.

ಏಪ್ರಿಲ್ ೨, ಬುಧವಾರ

ಮಧ್ಯಾಹ್ನ ಕೈತೊಳೆಯುವ ನಲ್ಲಿಗಳ ಹತ್ತಿರ ಚಿಟಿಕೆ ಬಂದು ಪಕ್ಕದಲ್ಲಿ ನಿಂತಳು. ನನ್ನ ಮುಖ ನೋಡಲಿಲ್ಲ.

"ನನಗೊಬ್ಬಳಿಗೆ ಹೇಳಿ ಮುಗೀತು ಅಂದ್ಕೊಂಡ್ಯಾ?"

"ಇಲ್ಲ," ಎಂದೆ. ಅಂದುಕೊಂಡಿದ್ದೆ.

"ಶನಿವಾರ ಸಂಜೆ ಕೋಚು ಹುಡುಗೀರನ್ನ ಕೂರಿಸಿ ನಿನ್ನ ಕೈಲಿ ಕಥೆ ಹೇಳಿಸ್ತಾರಂತೆ. ನಾನೂ ಬರ್ತೀನಿ. ನಕ್ಕೋರೆಲ್ಲ ಇರ್ತಾರೆ."

"ಹೇಳಿದರೆ ಇನ್ನು ನನ್ನ ಜೊತೆ ಯಾರೂ ಆಡಲ್ಲ ಚಿಟಿಕೆ."

"ನನ್ನ ಜೊತೆ ಆಡಿದ್ರಾ?"

ನಲ್ಲಿ ನಿಲ್ಲಿಸಿ ಹೊರಟುಹೋದಳು. ನನ್ನ ನಲ್ಲಿ ಸುಮಾರು ಹೊತ್ತು ಸುರಿಯುತ್ತಲೇ ಇತ್ತು.

ಏಪ್ರಿಲ್ ೪, ಶುಕ್ರವಾರ

ಜ್ವರ ಬಂದರೆ ಚೆನ್ನಾಗಿತ್ತು. ಹಣೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಕಲ್ಲಿನಷ್ಟು ತಣ್ಣಗಿದೆ. ಈ ವಯಸ್ಸಿನಲ್ಲಿ ಶಾಲೆ ತಪ್ಪಿಸುವ ಬುದ್ಧಿ.

ಏಪ್ರಿಲ್ ೫, ಶನಿವಾರ

ಸಂಜೆ ಐದಕ್ಕೆ ಊಟದ ಮನೆಯ ಬೆಂಚುಗಳನ್ನು ಅರ್ಧಚಂದ್ರದ ಹಾಗೆ ಇಟ್ಟಿದ್ದರು. ಹದಿನೆಂಟು ಹುಡುಗಿಯರು, ಕೋಚ್, ಹಿಂದಿನ ಬೆಂಚಿನ ತುದಿಯಲ್ಲಿ ಚಿಟಿಕೆ.

"ಆ ಎರಡೆರಡರ ಕಥೆ ನೀನೇ ಹೇಳಮ್ಮ," ಎಂದರು ಕೋಚ್. "ನನಗಿಂತ ನಿನ್ನ ಬಾಯಲ್ಲೇ ಕಳೆಗಟ್ಟೋದು."

ಎದ್ದು ನಿಂತೆ. ಕಥೆಯನ್ನು ಎಂದೂ ಇಷ್ಟು ಕೆಟ್ಟದಾಗಿ ಹೇಳಿರಲಿಲ್ಲ. ಹಿಂದುಮುಂದಾಯಿತು, ಸ್ಕೋರು ತಪ್ಪಾಯಿತು, ಅಜ್ಜಿ ಕೇಳಿದ್ದರೆ ಎದ್ದು ಹೋಗುತ್ತಿದ್ದಳು. "ನಾನು ತೋರಿಸಿದ್ದು ಎರಡು" ಎಂದಾಗ ಅಭ್ಯಾಸಬಲದಿಂದ ನಾಲ್ಕೈದು ಹುಡುಗಿಯರು ನಕ್ಕೇಬಿಟ್ಟರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೊನೆಗೆ ಒಬ್ಬಳ ನಗು ಮಾತ್ರ ಉಳಿದಿತ್ತು. ಪಕ್ಕದವಳು ಅವಳ ತೊಡೆ ಚಿವುಟಿದಳು.

ಮುಗಿಸಿದೆ. ನೆಲದಲ್ಲಿ ಯಾರೋ ಚೆಲ್ಲಿದ ನೀರಿತ್ತು. ಅದನ್ನೇ ನೋಡುತ್ತ ನಿಂತಿದ್ದೆ.

"ನಾನು ಪ್ರತಿ ವರ್ಷ ಹೇಳಿದೆನಲ್ಲೇ," ಎಂದರು ಕೋಚ್. ಧ್ವನಿ ಏರಲಿಲ್ಲ. "ಹನ್ನೊಂದು ವರ್ಷ. ಇವಳನ್ನ ತಂಡದಿಂದ ತೆಗೀರಿ ಅಂತ ಪಟ್ಟಿಗೆ ಸಹಿ ಹಾಕಿದೋನೂ ನಾನೇ. ನನ್ನನ್ನೂ ಸೇರಿಸ್ಕೊಂಡು ಮಾಡಿದ್ಯಲ್ಲೇ ಇದನ್ನ."

ಉದ್ದ ಜಡೆಯವಳು ಕೈ ಎತ್ತಿದಳು, ತರಗತಿಯಲ್ಲಿ ಎತ್ತುವ ಹಾಗೆ.

"ಅಕ್ಕ, ಆಮೇಲೆ ಗೆದ್ರಲ್ಲ, ಆರು ಸಲ? ಆಗ ಸನ್ನೆ ಮುರಿದಿದ್ರಾ?"

"ಇಲ್ಲ. ಒಂದು ಸಲವೂ ಇಲ್ಲ."

"ಅದು ನಮಗೆ ಹೇಗೆ ಗೊತ್ತಾಗ್ಬೇಕು?"

ಕುಹಕವಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದಳು. ಚಿಟಿಕೆ ಎದ್ದು, ಯಾರ ಕಡೆಗೂ ನೋಡದೆ, ಬಾಗಿಲು ದಾಟಿ ಹೋದಳು. ಅವಳು ಅತ್ತಳೋ ಇಲ್ಲವೋ ಗೊತ್ತಿಲ್ಲ. ನಾನು ಅಳಲಿಲ್ಲ. ಅದಕ್ಕೂ ಮುಖ ಬೇಕಲ್ಲ.

ಏಪ್ರಿಲ್ ೬, ಭಾನುವಾರ

ಕಥೆ ಕೇಳಿದವರು ಬೆಳಿಗ್ಗೆ ಏನು ಮಾಡಿದರೆಂದು ಬರೆದಿಡುತ್ತೇನೆ.

ಕೋಚ್ ಆರು ಗಂಟೆಗೇ ಮಾಲೀಸಿನ ಕೋಣೆಗೆ ಹೋದರು. ಬಾಗಿಲು ಮುಚ್ಚಿತ್ತು, ಒಳಗೆ ಏನು ಮಾತಾಯಿತೋ ತಿಳಿಯದು. ಹೊರಗೆ ಬಂದಾಗ ಟೋಪಿ ಕೈಯಲ್ಲಿತ್ತು. ಅಂಕಣಕ್ಕೆ ಬಂದು, ನನ್ನ ಕಡೆ ತಿರುಗದೆ, "ಡಾಕ್ಟರು ಇವಳಿಗೆ ಒಂದು ಸೆಟ್ ಆಡೋಕೆ ಹೇಳಿದ್ದಾರೆ. ಯಾರು ನಿಲ್ತೀರಿ ಹಿಂದೆ?" ಎಂದರು.

ಯಾರೂ ಅಲ್ಲಾಡಲಿಲ್ಲ. ಹದಿನೆಂಟು ಜೋಡಿ ಕಾಲುಗಳೂ ಮರಳಲ್ಲಿ ಹೂತ ಹಾಗೆ ನಿಂತಿದ್ದವು. ಮೂರು ವಾರದ ಹಿಂದೆ ನನ್ನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳಲು ಇವರೇ ನೂಕಾಡಿದ್ದರು. ಹೊರಟುಬಿಡೋಣವೆಂದು ಟವೆಲ್ಲಿಗೆ ಕೈ ಹಾಕಿದೆ.

ಆಗ ಉದ್ದ ಜಡೆಯವಳು ಮುಂದೆ ಬಂದಳು. ಎಲ್ಲರೂ ಸೇರಿ ಮಾತಾಡಿಕೊಂಡೇ ಬಂದಿದ್ದರೆಂದು ಅವರ ಮುಖಗಳಲ್ಲೇ ಗೊತ್ತಾಗುತ್ತಿತ್ತು.

"ನಾನು ನಿಲ್ತೀನಿ ಅಕ್ಕ. ಆದ್ರೆ ಬೆರಳು ಬೇಡ. ಬಾಯಲ್ಲಿ ಹೇಳಿ, ಜೋರಾಗಿ. ಎಲ್ಲರಿಗೂ ಕೇಳಿಸ್ಬೇಕು."

"ಆ ಕಡೆಯವರಿಗೂ ಕೇಳಿಸುತ್ತಲ್ಲೇ."

"ಕೇಳಿಸ್ಲಿ."

ನೆಟ್ ಹತ್ತಿರ ನಿಂತೆ. ಎರಡೂ ಕೈ ಮುಂದೆಯೇ ಇಟ್ಟುಕೊಂಡು "ಎರಡು!" ಎಂದು ಕೂಗಿದೆ. ಆ ಕಡೆಯ ಇಬ್ಬರೂ ಮುಸಿಮುಸಿ ನಗುತ್ತ, ನಾವು ಎಲ್ಲಿಲ್ಲವೋ ಅಲ್ಲಿಗೆ ಚೆಂಡನ್ನು ಮೆಲ್ಲಗೆ ಇಟ್ಟರು. ಮತ್ತೆ "ಒಂದು!" ಎಂದೆ. ಮತ್ತೆ ಇಟ್ಟರು. ಆರು ಸಲ ಚಾಂಪಿಯನ್ ಆದವಳು ತರಕಾರಿ ಮಾರುವವಳ ಹಾಗೆ ಕೂಗಿ ಕೂಗಿ ಸೋಲುತ್ತಿದ್ದೆ. ಹನ್ನೊಂದು–ಎರಡು ಆದಾಗ ಚಿಟಿಕೆ ಬಂದು ಗೆರೆಯಾಚೆ ನಿಂತಳು. ತೋಳು ಕಟ್ಟಿಕೊಂಡು ನಾಲ್ಕು ಪಾಯಿಂಟು ನೋಡಿದಳು.

ಆ ನಾಲ್ಕರಲ್ಲಿ ಒಂದಕ್ಕೆ ನಾನು "ಎರಡು" ಎಂದು ಕೂಗಿದ್ದೆ. ಹೊಡೆಯುವವಳು ಮೇಲೆ ಹಾರಿದಳು. ಭುಜ ಗೆರೆಯ ಕಡೆ ತಿರುಗಿತು. ಈ ಸಲ ಖಂಡಿತ ನೇರ ಹೊಡೆತವೇ. ಮೈಯೆಲ್ಲ ಆ ಕಡೆ ಎಳೆಯಿತು. ನಾನು ಅಡ್ಡಕ್ಕೇ ಹಾರಿದೆ. ಚೆಂಡು ನನ್ನ ಪಕ್ಕದಿಂದ ಗೆರೆಯ ಗುಂಟ ಹೋಯಿತು. ತಿರುಗಿ ನೋಡಿದರೆ ಉದ್ದ ಜಡೆಯವಳು ಅಲ್ಲಿಯೇ ಮಂಡಿಯೂರಿ ಎರಡೂ ಕೈ ಜೋಡಿಸಿ ಅದನ್ನು ಎತ್ತಿದ್ದಳು. ಆ ಪಾಯಿಂಟು ನಮಗೆ ಬಂತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಚಿಟಿಕೆ ಒಳಗೆ ಹೋದಳು, ಅವಳಿಗಾಗಿ ಕಾಲುಗಳು ಕಾಯುತ್ತಿದ್ದವು. ಬಾಗಿಲ ಮೇಲಿನ ಪಟ್ಟಿಯಲ್ಲಿ ನನ್ನ ಸರದಿ ಈಗಲೂ ಹೊಸಬಳ ಹೆಸರಿನ ಮುಂದೆಯೇ ಇದೆ.

ಇಪ್ಪತ್ತೊಂದು–ಐದು. ನನ್ನ ಗಂಟಲು ಕಟ್ಟಿಹೋಗಿತ್ತು. ಉದ್ದ ಜಡೆಯವಳು ಮೈಮೇಲಿನ ಮರಳು ಕೊಡವುತ್ತ ನನ್ನ ಪಕ್ಕದಿಂದ ಹಾದು ಹೋದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿದಳು.

"ಅಕ್ಕ, ನಾಳೆನೂ ಬಾಯಲ್ಲೇ."